ಕೊಪ್ಪದ ಗೆಳತಿಗೆ ಗಂಜಿ

ಎದುರಿಗೆ ಕಂಡು ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಿಲ್ಲ... ಇಷ್ಟೇ ತಾನೇ ನಮ್ಮನೆ ನಿಯಮ? ಒಂದೇ ಒಂದು! ಫ್ರಿಜ್ ಬಾಗಿಲ ಮೇಲೆ ದುಂಡಗೆ ಬರೆದು ಅಂಟಿಸಿರಲಿಲ್ವಾ ನಾನು? ಅದನ್ನ ಮುರಿಯದೋರು ಯಾರಿದ್ದಾರೆ ಹೇಳು ಮನೇಲಿ! ನಿಮ್ಮಜ್ಜಿ, ರಾಂಗ್ ನಂಬರ್‌ನವನ ಹತ್ರ ಅವನ ಹೆಂಡ್ತಿ ಬಾಣಂತನದ ಸುದ್ದಿ ಕೇಳ್ತಾ ಕೂರ್ತಾಳೆ. ನಿಮ್ಮಮ್ಮ, ಸೀರೆ ಮಾರೋ ಲೈವಲ್ಲಿ ಯಾವಳಿಗೋ ‘ಊಟ ಆಯ್ತಾ ಅಕ್ಕ’ ಅಂತಾಳೆ. ಯತೀಶ್ ಮಾವ, ಗೇಮ್ ಆಡ್ತಾ ಆಡ್ತಾ ಯಾರಿಗೋ ಮಲಯಾಳದಲ್ಲಿ ಬೈತಾನೆ. ಬೈಯೋದು ಬಿಟ್ರೆ ಬೇರೆ ಮಲಯಾಳ ಬರಲ್ಲ ಅವನಿಗೆ!... ನಗು ಬಂತಾ? ಇಲ್ವಾ. ತುಟಿ ಅಲುಗಿದ ಹಾಗಿತ್ತು, ಅದಕ್ಕೆ ಕೇಳಿದೆ.

ನೀನೊಬ್ಬಳು ಮುರಿಯಲ್ಲ ಅಂದ್ಕೊಂಡಿದ್ದೆ ಕಣೆ ಪವಿ. ನೀನೊಬ್ಬಳು.

ಯಾಕೆ ಆ ಕಡೆ ತಿರುಗ್ತೀಯ? ಯಾರನ್ನ ಹುಡುಕ್ತಿದ್ದೀಯ ಆ ಜನದಲ್ಲಿ? ಅಲ್ಲಿರೋದು ಜೋಳ ತಿಂತಾ ನಿಂತಿರೋ ಟಿಬೆಟನ್ ಕ್ಯಾಂಪಿನ ಲಾಮಾ ಹುಡುಗರು, ಮಡಿಕೇರಿ ಬಸ್ಸಿಗೆ ಕಾಯೋರು, ಅಷ್ಟೇ. ಅವಳು ಬರಲ್ಲ, ನಿನ್ನ ಆ ಫೋನಿನ ಗೆಳತಿ. ಬೆಳಗಿಂದ ಈ ಕಲ್ಲುಬೆಂಚಿನ ಮೇಲೆ ಕೂತಿದ್ದೀಯ, ಬಂದ್ಲಾ? ಹುಣಸೂರಿಂದ ಕೊಪ್ಪಕ್ಕೆ ಒಬ್ಬಳೇ! ಯೂನಿಫಾರ್ಮಲ್ಲಿ! ಒಂಬತ್ತನೇ ಕ್ಲಾಸ್ ಹುಡುಗಿ! ಗಂಗಾಧರಪ್ಪ ಮೇಷ್ಟ್ರ ಮಗಳು ಸ್ಕೂಲಿಗೇ ಬಂದಿಲ್ಲ ಅಂತ ಆಯಾ ಬಂದು ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತು ಹೇಳಬೇಕಾಯ್ತಲ್ಲ... ಕೈಯಲ್ಲಿದ್ದ ಸೀಮೆಸುಣ್ಣ ಎಲ್ಲಿ ಬಿತ್ತೋ ಗೊತ್ತಿಲ್ಲ. ನೇರ ಬಸ್ ಹತ್ತಿ ಇಲ್ಲಿಗೇ ಬಂದೆ.

ಏನು?... ಇಲ್ಲಿಗೇ ಹೇಗೆ ಬಂದೆ ಅಂತ ನೋಡ್ತೀಯಾ? ನಿಮ್ಮಮ್ಮ ಹೇಳಿದ್ಳು. ಹೂಂ, ಅಮ್ಮನೇ... ಅವಳಿಗೆ ಗೊತ್ತಿಲ್ವಾ? ಹಂಗಾದ್ರೆ ಕಂಡಕ್ಟರ್ ಹೇಳಿದ. ಯಾರೋ ಒಬ್ಬರು ಹೇಳಿದ್ರು ಬುಡು! ಈಗ ವಿಚಾರಣೆ ನಂದೋ ನಿಂದೋ?

ಮಡಿಲಲ್ಲಿ ಅದೇನು ಡಬ್ಬಿ? ತೋರಿಸು. ತೋರಿಸೇ, ಕಿತ್ಕೊಳಲ್ಲ... ಗಂಜಿ. ನೀನೇ ಮಾಡಿದ್ದಾ? ಒಂದು ದಿನಾನೂ ಒಲೆ ಮುಂದೆ ನಿಂತೋಳಲ್ಲ. ಮೇಲೆ ಉಪ್ಪಿನಕಾಯಿ ಬೇರೆ, ಪುಟ್ಟ ಕಾಗದದಲ್ಲಿ ಮಡಿಸಿ... ಅಯ್ಯೋ ನನ್ನ ಮಗಳೇ. ಜ್ವರ ಅಂತ ಒಂದು ಸಾಲು ಬರೆದಿದ್ದಕ್ಕೆ ಗಂಜಿ ಕಟ್ಕೊಂಡು ಬಂದ್ಬುಟ್ಟೆಯಲ್ಲೇ...

ಯಾಕೆ ಹಂಗೆ ನೋಡ್ತೀಯ? ಗಂಜಿ ಅಂದ್ರೆ ಜ್ವರಕ್ಕೇ ಅಲ್ವಾ? ಅಷ್ಟು ಊಹೆ ಮಾಡೋಕೆ ಬರಲ್ವಾ ನಂಗೆ?

ಪವಿ, ಕೇಳಿಲ್ಲಿ. ಸಾಲಿಗ್ರಾಮದ ಕಡೆಯ ಆ ಹುಡುಗಿ ವಿಷಯ ನಿಂಗೊತ್ತು. ನಿನ್ನ ವಯಸ್ಸೇ. ‘ನಾನೂ ಒಂಬತ್ತನೇ ಕ್ಲಾಸು’ ಅಂತ ಬಂದ್ಲು ಒಬ್ಬ ಗೆಳತಿ. ಮೊದಲು ಹೋಂವರ್ಕ್ ಕೇಳಿದ್ಲು. ಆಮೇಲೆ ಫೋಟೋ ಕೇಳಿದ್ಲು. ಆಮೇಲೆ ಇನ್ನೊಂದು ಥರ ಫೋಟೋ. ಆಮೇಲೆ ಹೆದರಿಸಿದ್ಲು. ಕೊನೆಗೆ ನೋಡಿದ್ರೆ ಅವಳಲ್ಲ, ಅವನು! ಮಕ್ಕಳೊಂದಿಗ ಗಂಡಸು! ಆ ಹುಡುಗಿ ಈಗ ಬಾಗಿಲು ತೆಗೆಯೋಕೂ ಹೆದರ್ತಾಳೆ. ಪೋಷಕರ ಸಭೆಯಲ್ಲಿ ಇದನ್ನೇ ಹೇಳಿದ್ನಲ್ಲ ನಾನು, ಮೈಕ್ ಹಿಡಿದು? ‘ಮಕ್ಕಳ ಫೋನು ಕದ್ದು ನೋಡಬೇಡಿ, ಪಕ್ಕದಲ್ಲಿ ಕೂತು ಕೇಳಿ. ಏನೇ ತಪ್ಪಾಗಿದ್ರೂ ಮೊದಲು ನಮ್ಮ ಹತ್ರ ಓಡಿ ಬರೋ ಹಾಗಿರಬೇಕು.’ ಚಪ್ಪಾಳೆ ಹೊಡೆದ್ರು. ನಮ್ಮ ಹೆಡ್‌ಮಾಸ್ಟರ್ ಬೆಟ್ಟಸ್ವಾಮಿಯವರಂತೂ ಕಣ್ಣಲ್ಲಿ ನೀರು ತಂದ್ಕೊಂಡ್ರು...

ಹೌದು. ನಾನು ಪಕ್ಕದಲ್ಲಿ ಕೂತಿಲ್ಲ. ಕೂತ್ರೆ ನೀನು ಎದ್ದು ಹೋಗ್ತಿದ್ದೆ. ಎದ್ದು ಹೋಗ್ತಿರಲಿಲ್ವಾ? ಹೇಳು! ‘ಇವತ್ತು ಸ್ಕೂಲಲ್ಲಿ ಏನು ಸಮಾಚಾರ’ ಅಂದ್ರೆ ‘ಏನಿಲ್ಲಪ್ಪ’. ‘ಯಾಕೆ ಮುಖ ಸಪ್ಪಗಿದೆ’ ಅಂದ್ರೆ ‘ಏನಿಲ್ಲಪ್ಪ’. ಎಷ್ಟು ವರ್ಷದಿಂದ ಅದೊಂದೇ ಪದ. ನಾನೇನು ಅಷ್ಟು ಕೆಟ್ಟೋನಾ? ಹೊಡ್ದಿದ್ದೀನಾ? ಕೂಗಾಡಿದ್ದೀನಾ? ನಾನು ಒಳಗೆ ಬಂದ್ರೆ ಕುಕ್ಕರ್ ಕೂಡ ಮೆಲ್ಲಗೆ ಕೂಗುತ್ತೆ ಅನ್ನೋ ಹಾಗೆ ಏನು ಮಾಡಿದ್ದೀನಿ ನಾನು ನಿಮಗೆಲ್ಲ?...

...

ಏನಾಯ್ತು? ಯಾಕೆ ಹಂಗೆ ಡಬ್ಬಿ ಅಮುಕಿ ಹಿಡ್ಕೊಂಡೆ?

ಅದು... ಹಂಗಂತ ನಿಮ್ಮಜ್ಜಿ ಅಂತಿರ್ತಾಳಲ್ಲ. ಅಜ್ಜಿ ಮಾತು ಅದು.

ಬಿಡು ಅದನ್ನ. ನಿನ್ನ ಆ ಗೆಳತಿ ಪಲ್ಲವಿ ಇಲ್ಲ ಕಣಮ್ಮ. ಅಂಥವಳೊಬ್ಬಳು ಕೊಪ್ಪದಲ್ಲಿಲ್ಲ, ಎಲ್ಲೂ ಇಲ್ಲ. ಇವತ್ತೇ ಮರೆತುಬಿಡಬೇಕು. ನಿನ್ನ ಫೋಟೋ ಒಂದು ದಿನಾನೂ ಕೇಳಲಿಲ್ಲ, ತನ್ನದೂ ಕಳಿಸಲಿಲ್ಲ, ಅಷ್ಟು ಅದೃಷ್ಟ ನಮ್ಮದು ಅಂದ್ಕೋ... ಆದ್ರೂ, ಏನು ವಿಚಿತ್ರ ನೋಡು. ಬಸ್ಸಿಳಿದಾಗ ನಾನೂ ಸುತ್ತ ನೋಡಿದೆ. ಯಾವಳೋ ಒಬ್ಬ ಹುಡುಗಿ, ಎರಡು ಜಡೆ, ಆ ಅಂಗಡಿ ಮೂಲೇಲಿ ನಿಂತು ನನ್ನನ್ನೇ ನೋಡ್ತಿದ್ದ ಹಾಗೆ ಅನ್ನಿಸ್ತು. ಇಲ್ಲದೋಳು! ರಾತ್ರಿ ಕಣ್ಣು ಮುಚ್ಚಿದ್ರೂ ಬರ್ತಾಳೆ. ‘ಅಂಕಲ್, ಈಗ ಪವಿ ಯಾರ ಹತ್ರ ಮಾತಾಡ್ತಾಳೆ’ ಅಂತ ಕೇಳ್ತಾಳೆ...

ಏನಿಲ್ಲ. ನಂಗೆ ತಲೆ ಸರಿಯಿಲ್ಲ ಇವತ್ತು. ಬೆಳಗಿಂದ ಊಟ ಮಾಡಿಲ್ಲ.

ನಿನ್ನ ಸಂಕಟ ನಂಗೆ ಅರ್ಥ ಆಗಲ್ಲ ಅಂದ್ಕೊಂಡಿದ್ದೀಯ ನೀನು. ಈ ಸಲ ಊರಲ್ಲಿ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮನೆ ಕಾಯ್ತಿದ್ವಲ್ಲ, ಭಾನುವಾರದ ಮಧ್ಯಾಹ್ನಗಳು... ಒಲೆ ಬಿಟ್ಟು ಏಳಂಗಿಲ್ಲ, ಶಾಖ ಇಳಿದ್ರೆ ಒಂದು ವರ್ಷದ ಸೊಪ್ಪು ಹಾಳು. ಈ ಕಡೆ ನಾನು ಸೌದೆ ತಳ್ತಾ ಕೂತಿದ್ದೆ. ಗೋಡೆಯಾಚೆ ಸೊಪ್ಪು ಕಟ್ಟೋ ಚಪ್ಪರದಲ್ಲಿ ನೀನು. ಮಧ್ಯೆ ಬಿಸಿ ಗೋಡೆ. ಎಷ್ಟು ಹತ್ರ ಇದ್ವಿ ಗೊತ್ತಾ? ನಿನ್ನ ಬಳೆ ಸದ್ದು ಕೇಳ್ತಿತ್ತು ನಂಗೆ. ಒಂದು ದಿನ ಎಷ್ಟು ಜೋರಾಗಿ ನಕ್ಕೆ ನೀನು! ‘ನಿಮ್ಮನೇಲಿ ಕುಕ್ಕರ್ ಮೆಲ್ಲಗೆ ಕೂಗಿದ್ರೆ, ನಮ್ಮನೇಲಿ ಗಡಿಯಾರ ಚಪ್ಪಲಿ ಬಿಟ್ಟು ನಡೆಯುತ್ತೆ’ ಅಂತ ಓದಿದಾಗ... ಬಿದ್ದು ಬಿದ್ದು ನಕ್ಕೆಯಲ್ಲ. ಸೌದೆ ಹಿಡಿದ ಕೈ ಹಂಗೇ ನಿಂತ್ಹೋಯ್ತು ನಂದು. ನನ್ನ ಮಗಳು ಹಿಂಗೆ ನಗ್ತಾಳಾ ಅಂತ. ಆ ನಗು ಇನ್ನೊಂದ್ಸಲ ಕೇಳೋಕೆ...

...

ಪವಿ?

ನೀನು ಜೋರಾಗಿ ಓದಿದೆ ಕಣೆ. ಅದಕ್ಕೆ ಕೇಳಿಸ್ತು. ಗಟ್ಟಿಯಾಗಿ ಓದಿದೆ ನೀನು, ಅವತ್ತು, ನಿಂಗೆ ನೆನಪಿಲ್ಲ.

ಓದಿಲ್ಲ ಅಂತೀಯಾ? ತಲೆ ಅಲ್ಲಾಡಿಸೋದಲ್ಲ, ಬಾಯಿ ಬಿಟ್ಟು ಮಾತಾಡು! ಬೈ ಬೇಕಾದ್ರೆ!

ನಡಿ, ಏಳು. ಹುಣಸೂರು ಬಸ್ ಬರೋ ಹೊತ್ತು. ದಾರೀಲಿ ಹೋಟ್ಲಲ್ಲಿ ಮಸಾಲೆ ದೋಸೆ ಕೊಡಿಸ್ತೀನಿ... ಯಾಕೆ ಫೋನ್ ತೆಗೀತಿದ್ದೀಯ? ಅಮ್ಮಂಗಾ? ಅಮ್ಮಂಗೆ ನಾನು ಹೇಳ್ತೀನಿ. ಅಮ್ಮಂಗಲ್ವಾ? ಮತ್ತೆ... ಅವಳಿಗಾ! ಬೇಡ. ‘ಕಾಲ್ ಮಾತ್ರ ಮಾಡಬೇಡ, ನಮ್ಮಪ್ಪ ಬೈತಾರೆ’ ಅಂತ ಅವಳು ಮೊದಲ ದಿನವೇ ಹೇಳಿಲ್ವಾ ನಿಂಗೆ? ಇಷ್ಟು ದಿನ ಮಾಡದೋಳು ಈಗ... ಕೊಡಿಲ್ಲಿ. ಪವಿತ್ರಾ! ಕೊಡು ಅಂದೆ ಫೋನು!

...

ಏನಿಲ್ಲ. ಬಸ್ ಬಂತು, ಅದರ ಸದ್ದು.

ಬ್ಯಾಗಲ್ಲಾ? ನನ್ನ ಬ್ಯಾಗಲ್ಲಿ ಏನಿರುತ್ತೆ, ಉತ್ತರಪತ್ರಿಕೆ, ಛತ್ರಿ... ನನ್ನ ಫೋನು ಜೇಬಲ್ಲಿದೆ ನೋಡು, ಇಲ್ಲಿದೆ. ಇದು... ಆ ಗುರುಗುಟ್ಟೋದು ಹಳೇ ಫೋನು. ಗಾಜು ಒಡೆದಿತ್ತಲ್ಲ, ಎಸೆದಿದ್ದೀನಿ ಅಂದಿದ್ದೆನಲ್ಲ, ಅದು. ಸ್ಕೂಲ್ ಕೆಲಸಕ್ಕೆ ಇರಲಿ ಅಂತ...

ಕಟ್ ಮಾಡು ಮಗ. ಜನ ನೋಡ್ತಿದ್ದಾರೆ.

ನೀನು ಯಾರ ಬಲೆಗೂ ಬೀಳದೆ ಇರಲಿ ಅಂತ ಶುರು ಮಾಡಿದ್ದು, ದೇವರಾಣೆ. ಒಂದು ವಾರ ನೋಡಿ ನಿಲ್ಲಿಸೋಣ ಅಂತ. ಆಮೇಲೆ... ನೀನು ಮಾತಾಡ್ತಿದ್ದೆಯಲ್ಲೇ. ಗುಡ್‌ನೈಟ್ ಅಂತಿದ್ದೆ. ‘ಊಟ ಮಾಡಿದೆಯಾ’ ಅಂತಿದ್ದೆ. ನನ್ನ ಯಾರು ಕೇಳ್ತಿದ್ರು ಹಂಗೆ...

ನಿಂತ್ಹೋಯ್ತು. ಸದ್ಯ. ಹೂಂ, ಡಬ್ಬಿ ನನ್ನ ಕೈಗೆ ಕೊಡು, ಏಳು. ಕಂಡಕ್ಟರ್ ಕೂಗ್ತಿದ್ದಾನೆ. ಉಳಿದದ್ದು ಮನೇಲಿ ಮಾತಾಡೋಣ, ಇಲ್ಲ, ನೀನು ಹೇಳಿದಾಗ ಮಾತಾಡೋಣ... ಪವಿ, ಬೇಡಮ್ಮ. ಕೈ ಮುಗೀತೀನಿ, ಮತ್ತೆ ಒತ್ಬೇಡ...

ಒತ್ತಿದೆಯಲ್ಲೇ.

ಕಿವಿಯಿಂದ ತೆಗಿ. ತೆಗಿಯೇ ಮಗಳೇ. ಇಲ್ಲೇ ಇದ್ದೀನಲ್ಲ ನಾನು, ನಿನ್ನ ಪಕ್ಕದಲ್ಲೇ... ಬಸ್ ಹೊರಟೇಬಿಡ್ತು... ಯಾಕೆ, ಯಾಕೆ ಹಂಗೇ ಕಿವಿಗೆ ಹಿಡ್ಕೊಂಡು ನನ್ನ ಮುಖವನ್ನೇ ನೋಡ್ತಾ ಕೂತಿದ್ದೀಯ?...