ಟೇವಿಯನ್‌ನ ಮೊಣಕಾಲು

ಫುಟ್‌ಬಾಲ್ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಮುಗಿದಿತ್ತು. ಮರುದಿನ ಬೆಳಿಗ್ಗೆ ಒಮಾಹಾ ವಿಮಾನ ನಿಲ್ದಾಣದ ಕಾಫಿ ಸಾಲಿನಲ್ಲಿ ವರ್ನಾಳ ಮುಂದೆ ಇಬ್ಬರು ನಿಂತಿದ್ದರು. ಯಾವುದೋ ತಂಡಕ್ಕಾಗಿ ಊರೂರು ಸುತ್ತಿ ಹುಡುಗರ ಆಟ ಅಳೆಯುವವರು ಎಂದು ಮಾತಿನಿಂದಲೇ ಗೊತ್ತಾಯಿತು. ಕದ್ದು ಕೇಳಬಾರದೆಂದು ವರ್ನಾ ಫೋನ್ ತೆಗೆದಳು, ಆದರೆ ಕಿವಿ ಅವಳ ಮಾತು ಕೇಳಬೇಕಲ್ಲ!

“ಲೊವೆಲಣ್ಣ, ಟೇವಿಯನ್ ಮುಂದೆ ತಂಡಕ್ಕೇ ಕಂಬ ಆಗ್ತಾನೆ, ಕೊನೇ ಸುತ್ತಲ್ಲಿ ನಮಗೇ ಸಿಗ್ತಾನೆ ಅಂದಿದ್ರಿ. ಏನಾಯ್ತು?” ಎಂದ ಚಿಕ್ಕವನು.

“ಯಾರೂ ತಗೊಳ್ಳಲಿಲ್ಲ ಕಣೋ.”

“ಅಂಥಾ ಹುಡುಗನ್ನ?”

“ಬೇರೆಯೋರು ಮೊದಲೇ ಹಾರಿಸ್ಕೊಂಡು ಹೋಗ್ಬಾರ್ದಲ್ಲ. ಮೊಣಕಾಲು ಸರಿಯಿಲ್ವಂತೆ ಅಂತ ಗಾಳಿಸುದ್ದಿ ಬಿಟ್ಟಿದ್ದೆ.”

“ಬಿಡಿ, ಎಲ್ಲರೂ ಮಾಡೋದೇ.”

“ಅದು ಬಾಯಿಂದ ಬಾಯಿಗೆ ಸುತ್ತಿ ನಮ್ಮ ಬಾಸ್ ಕಿವಿಗೇ ಬಂತು. ಅವನು ಬೇಡವೇ ಬೇಡ ಅಂದ್ಬಿಟ್ರು.”

“ನಿಜ ಹೇಳ್ಬೇಕಿತ್ತು ನೀವು!”

“ಹೇಳ್ದೆ ಮಾರಾಯ. ‘ಹುಡುಗನ ಮೇಲಿನ ಮೋಹಕ್ಕೆ ಈಗ ಸುಳ್ಳು ಹೇಳ್ತಿದ್ದೀಯ’ ಅಂದ್ರು.”

ಸಾಲು ಮುಂದೆ ಸರಿಯಿತು.

“ಬೆಳಿಗ್ಗೆ ಆ ಹುಡುಗನೇ ಫೋನ್ ಮಾಡಿದ್ದ,” ಎಂದ ಲೊವೆಲ್.

“ಬೈದ್ನಾ?”

“ಬೈದಿದ್ರೆ ಚೆನ್ನಾಗಿತ್ತು. ‘ನನಗೇನೂ ನೋವಿಲ್ಲ ಸಾರ್. ಆದ್ರೂ ನೀವೇ ಹೇಳಿದ್ರಂತೆ ಅಂದ್ಮೇಲೆ ನಿಮಗೆ ಏನೋ ಕಂಡಿರುತ್ತೆ. ಯಾವ ಮೊಣಕಾಲು ಅಂತ ಹೇಳಿ, ಡಾಕ್ಟರಿಗೆ ತೋರಿಸ್ತೀನಿ’ ಅಂದ.”

“ಅಯ್ಯೋ... ನೀವೇನಂದ್ರಿ?”

ಲೊವೆಲ್ ತನ್ನ ಕಾಫಿ ಎತ್ತಿಕೊಂಡು, ಹಿಂದೆ ತಿರುಗದೆ ಗೇಟಿನ ಕಡೆ ಹೊರಟ.

“ಎಡಗಾಲು ಅಂದೆ.”