ಮೂಸಕುಂಞಿಯವರ ಮೀಟರು ಕೋಲು

ವಿಜ್ಞಾನದ ಮಾತನ್ನು ಸಂಜೆ ತರಗತಿಯಲ್ಲಷ್ಟೇ ಓದಿದ ನನ್ನಂಥವನು ಬರೆಯುವುದು ಅಧಿಕಪ್ರಸಂಗವೇ, ಓದುವವರು ಮನ್ನಿಸಬೇಕು. ಗಜ ಹೋಗಿ ಮೀಟರು ಬಂದ ಹೊಸತರಲ್ಲಿ, ಕಬಕದಲ್ಲಿ ಬಸ್ಸಿಗೆ ಕಾಯುವಾಗ ಕೇಳಿದ್ದು ಇದು. ಜವಳಿ ವ್ಯಾಪಾರಿ ಮೂಸಕುಂಞಿ ಅಳತೆಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ಬೋಜಪ್ಪ ಮಾಸ್ತರರ ಪಕ್ಕ ಕೂತಿದ್ದರು.

“ಮಾಷ್ಟ್ರೆ, ಓಡುವ ಕೋಲು ಗಿಡ್ಡ ಆಗ್ತದಂತೆ. ನೀವೇ ಕಲಿಸಿದ್ದು ಅಂತ ಮಗ ಹೇಳಿದ. ಹೌದಾ?”

“ಹೌದು, ಸಾಪೇಕ್ಷತೆಯ ಪಾಠದಲ್ಲಿ ಹಾಗುಂಟು. ಅದಕ್ಕೆಂತ?”

“ವಾರವಾರ ಇದನ್ನು ಬಸ್ಸಲ್ಲಿ ಈಶ್ವರಮಂಗಲಕ್ಕೆ ಕೊಂಡುಹೋಗುದು ನಾನು. ಜನರಿಗೆ ಕಡಿಮೆ ಬಟ್ಟೆ ಕೊಟ್ಟ ಪಾಪ ಯಾರಿಗೆ?”

“ಬಸ್ಸು ನಿಂತ ಮೇಲೆ ಕೋಲು ಮೊದಲಿನಷ್ಟೇ ಸಾಹೇಬ್ರೆ.”

“ಒಗೆದ ಬಟ್ಟೆಯ ಹಾಗೆ ಕುಗ್ಗಿಯೇ ಉಳಿಯುದಿಲ್ವಾ?”

“ಇಲ್ಲ ಮಾರಾಯ್ರೆ. ನೀವು ಇಳಿದ ಮೇಲಲ್ವಾ ಅಳೆಯುದು?”

ಮೂಸಕುಂಞಿ ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು.

“ಅಲ್‌ಹಮ್ದುಲಿಲ್ಲಾ. ಮೂರು ದಿನದಿಂದ ಊಟ ಸೇರ್ಲಿಲ್ಲ. ಹಾಗಾದ್ರೆ ಗಿಡ್ಡ ಆಗುದು ಬರೀ ಕಣ್ಣಿಗಾ?”

“ಕಣ್ಣಿಗಲ್ಲ. ರಸ್ತೆಯಲ್ಲಿ ನಿಂತವ ಅಳೆದ್ರೆ ಗಿಡ್ಡವೇ. ಬಸ್ಸಿನ ವೇಗಕ್ಕೆ ಆ ವ್ಯತ್ಯಾಸ ಕೂದಲೆಳೆಯಷ್ಟೂ ಇಲ್ಲ ಬಿಡಿ. ಒಳಗೆ ಕೂತ ನಿಮಗೆ ಪೂರ್ತಿ ಉದ್ದ.”

“ಇಬ್ಬರ ಅಳತೆಯೂ ಸರಿಯಾ?”

“ಇಬ್ಬರದ್ದೂ.”

“ನಾನು ಅಂಗಡಿಯಲ್ಲಿ ಹಾಗೆ ಹೇಳಿದ್ರೆ ಪೆಟ್ಟು ಬೀಳ್ತದೆ ಮಾಷ್ಟ್ರೆ.”

ಬಸ್ಸು ಬಂತು. ಇಬ್ಬರೂ ನಗುತ್ತ ಹತ್ತಿ ಹೋದರು. ಒಂದೇ ಕೋಲಿಗೆ ಎರಡು ಉದ್ದ ಹೇಗೆ ನಿಜವಾಗುತ್ತದೆಂದು ನನಗೆ ಇಂದಿಗೂ ತಿಳಿದಿಲ್ಲ.