ಅಪ್ಪ ಕೇಳಿದ ಒಂದು ಚಮಚ

ನಗು, ನಗು... ಇನ್ನೂ ಸ್ವಲ್ಪ ನಗು! ಬಂದು ಅರ್ಧ ಗಂಟೆ ಆಗಿಲ್ಲ, ಹೆಗಲಿನ ಚೀಲ ಇಳಿಸಿಲ್ಲ, ಒಂದು ಲೋಟ ನೀರು ಕುಡಿದಿಲ್ಲ, ಆಗಲೇ "ಅಕ್ಕಾ, ಅಪ್ಪನ ಆ ಕಬ್ಬಿಣದ ಪ್ಯಾನ್ ನನಗೆ ಕೊಡ್ತೀಯಾ" ಅಂತೆ! ಅಪ್ಪ ಹೋಗಿ ಏಳು ತಿಂಗಳಾಯ್ತು. ಈ ಏಳು ತಿಂಗಳಲ್ಲಿ ಅಕ್ಕ ಇದ್ದಾಳಾ ಸತ್ತಳಾ ಅಂತ ನೋಡೋಕೆ ಬರಲಿಲ್ಲ, ಪ್ಯಾನ್ ಕೇಳೋಕೆ ಬಂದೆ... ಇಲ್ಲ, ನಾನು ಕೂಗಾಡ್ತಾ ಇಲ್ಲ. ಇದು ನನ್ನ ಮಾಮೂಲಿ ದನಿ. ಬೆಳಗ್ಗೆ ಐದಕ್ಕೆ ಎದ್ದು ಕೈಮುಗಿದು ಕೇಳಿಕೊಂಡಿದ್ದೀನಿ ಕಣೇ, "ದೇವರೇ, ಇವತ್ತು ಗುಬ್ಬಿ ಬರ್ತಾಳೆ, ಊಟ ಮುಗಿಯೋವರೆಗಾದರೂ ನನ್ನ ಬಾಯಿಗೊಂದು ಬೀಗ ಹಾಕು" ಅಂತ. ಹಾಕಿದ್ದ, ಪಾಪ. ನೀನೇ ಬಂದು ಮುರಿದೆ.

ಕೂತ್ಕೋ. ಅಲ್ಲಿ ಬೇಡ, ಎಣ್ಣೆ ಸಿಡಿಯತ್ತೆ. ಆ ಸ್ಟೂಲ್ ಎಳ್ಕೋ, ಕಿಟಕಿ ಹತ್ತಿರ. ಕಿಟಕಿ ಪೂರ್ತಿ ತೆಗಿ, ಹೊಗೆ ಆಗತ್ತೆ ಈಗ. ಕೆಳಗಿನ ಮನೆಯ ಟೈಪಿಸ್ಟ್ ಅಜ್ಜ ಕೆಮ್ಮೋಕೆ ಶುರು ಮಾಡಿದರೆ ಮಾಡಲಿ. ಇವತ್ತು ಒಂದು ದಿನ ಕೆಮ್ಮಲಿ.

ನೋಡು, ಪ್ಯಾನ್ ಬೇಕು ಅಂದೆಯಲ್ಲ, ಮೊದಲು ಅದರಲ್ಲಿ ಸ್ಟೇಕ್ ಮಾಡೋದು ನೋಡು. ಏನಂದೆ? ನಿನಗೂ ಬರತ್ತಾ? ಗೊತ್ತು, ನಿನಗೆ ಎಲ್ಲಾ ಬರತ್ತೆ! ಅಪ್ಪ ಬಂದರಿನ ಹೋಟೆಲ್‌ನಲ್ಲಿ ಮೂವತ್ತೊಂದು ವರ್ಷ ಒಲೆ ಮುಂದೆ ನಿಂತು ಬೆವರಿದ್ದು, ಆ ವಿದ್ಯೆಯೆಲ್ಲ ನಿನ್ನೊಬ್ಬಳ ಕೈಗೇ ಇಳಿದದ್ದು. ನಮ್ಮ ಕೈಗೆ ಇಳಿದದ್ದು ಪಾತ್ರೆ ತಿಕ್ಕೋದು... ಮತ್ತೆ ನಗ್ತಾಳೆ! ಗುಬ್ಬೀ, ಕೈಯಲ್ಲಿ ಇಕ್ಕಳ ಇದೆ, ಹುಷಾರು.

ಮಾಂಸ ಒಂದು ಗಂಟೆ ಮುಂಚೆ ಫ್ರಿಜ್‌ನಿಂದ ತೆಗೆದಿಟ್ಟಿದ್ದೀನಿ. ಬಟ್ಟೆಯಲ್ಲಿ ಒತ್ತಿ ಒತ್ತಿ ನೀರು ತೆಗೆದಿದ್ದೀನಿ. ಉಪ್ಪು ಹಾಕಿದ್ದೀನಿ. ಪ್ಯಾನ್ ಕಾಯಬೇಕು, ಹೊಗೆ ಏಳೋವರೆಗೆ ಕಾಯಬೇಕು. ಈಗ ಎಣ್ಣೆ. ಈಗ... ಕೇಳಿದೆಯಾ? ಚರ್ರ್ ಅಂತು ನೋಡು! ಈ ಸದ್ದು ಬರದಿದ್ದರೆ ಅಪ್ಪ ಮಾಂಸವನ್ನ ವಾಪಸ್ ತಟ್ಟೆಗೆ ಎತ್ತಿ ಇಡ್ತಿದ್ರು. "ಅವಸರ ಇದ್ದವರು ಬ್ರೆಡ್ ತಿನ್ನಲಿ" ಅಂತಿದ್ರು. ನಿನಗೆ ಅಲ್ಲ, ನನಗೆ! ನಿನಗೆ ಅವರು ಯಾವತ್ತೂ ಹಾಗೆ ಅಂದಿಲ್ಲ.

ಮುಟ್ಟಬೇಡ! ಮೂರು ನಿಮಿಷ ಅದರ ತಂಟೆಗೆ ಹೋಗಬಾರದು. ಗೊತ್ತಲ್ಲ? ಗೊತ್ತಿದ್ದೂ ಯಾಕೆ ಕೈ ಚಾಚ್ತೀಯ?

ಏನು, ಕೆಲಸ ಹೇಗಿದೆ... ಊರಿನವರ ಕಣ್ಣೆಲ್ಲ ಸರಿ ಮಾಡ್ತಿದ್ದೀಯಾ ನಿನ್ನ ಕನ್ನಡಕದ ಅಂಗಡೀಲಿ? ಗಾಜು ಉಜ್ಜಿ ಉಜ್ಜಿ ಎಲ್ಲರಿಗೂ ದೂರದ್ದು ತೋರಿಸ್ತೀಯ. ಏಳು ಗಂಟೆ ದೂರದಲ್ಲಿ ಮಲಗಿದ್ದ ಅಪ್ಪ ಮಾತ್ರ ನಿನಗೆ ಕಾಣಲಿಲ್ಲ... ಬಂದಿದ್ದೆ, ಬಂದಿದ್ದೆ. ಹನ್ನೊಂದು ತಿಂಗಳಲ್ಲಿ ನಾಲ್ಕು ಸಲ. ನಾಲ್ಕು ಸಲವೂ ಕಿತ್ತಳೆ ಹಣ್ಣು ತಂದೆ. ಸಿಪ್ಪೆ ಸುಲಿದದ್ದು ಯಾರು, ಬೀಜ ತೆಗೆದದ್ದು ಯಾರು, ಆಮೇಲೆ ಹಾಸಿಗೆ ಬದಲಿಸಿದ್ದು ಯಾರು? ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕಿತ್ತು. ಡಾಕ್ಟರ್ ಹೇಳಿದ್ರು, ಇಲ್ಲಾಂದ್ರೆ ಬೆನ್ನು ಹುಣ್ಣಾಗತ್ತೆ ಅಂತ. ಒಂದು ಹುಣ್ಣೂ ಆಗೋಕೆ ಬಿಡಲಿಲ್ಲ ನಾನು. ಒಂದೇ ಒಂದೂ ಇಲ್ಲ. ಆ ಶಕ್ತಿ ನನ್ನದಲ್ಲ, ದೇವರು ಕೊಟ್ಟದ್ದು. ಹಾಗಂತ ಸೊಂಟ ನೋವು ನನಗೇ ಬಂತಲ್ಲ, ಅವನಿಗಲ್ಲ... ಅಯ್ಯೋ, ತಪ್ಪಾಯ್ತಪ್ಪಾ, ಕ್ಷಮಿಸು. ನಿನಗಲ್ಲ ಕಣೇ, ದೇವರಿಗೆ ಹೇಳ್ತಿದ್ದೀನಿ.

ತಿರುಗಿಸ್ತೀನಿ ಈಗ. ಹಾಂ! ನೋಡು ಬಣ್ಣ. ಈಗ ಬೆಣ್ಣೆ, ಬೆಳ್ಳುಳ್ಳಿ. ಪ್ಯಾನ್ ಓರೆ ಮಾಡಿ, ಕರಗಿದ ಬೆಣ್ಣೆಯನ್ನ ಚಮಚದಲ್ಲಿ ಮೇಲೆ ಸುರೀತಾ ಇರಬೇಕು... ಒಂದು ಕೈಯಲ್ಲಿ ಎತ್ತೋಕಾಗಲ್ಲ ಈ ಭಾರ. ಅಪ್ಪ ಎತ್ತುತ್ತಿದ್ರು, ಕಾಗದ ಎತ್ತಿದ ಹಾಗೆ. ನಿಂಗೆ ಬೇಕಾ ಇದು? ತಗೊಂಡು ಹೋಗು! ಯಾರು ಬೇಡ ಅಂದ್ರು? ಊಟ ಆದ ಮೇಲೆ ತೊಳೆದು, ಒರೆಸಿ, ಎಣ್ಣೆ ಸವರಿ, ಪೇಪರ್‌ನಲ್ಲಿ ಸುತ್ತಿ ಕೊಡ್ತೀನಿ. ಪ್ಯಾನ್ ಮೇಲೆ ಕೋಪ ಅಂದ್ಕೊಂಡೆಯಾ ನನಗೆ?

ಕೋಪ ಯಾಕೆ ಅಂತ ಹೇಳಲಾ? ಆ ಕೊನೆ ವಾರ! ಆ ಒಂದು ವಾರ ನೀನು ಬರಲಿಲ್ಲ. ನಾಲ್ಕು ಸಲದ ಲೆಕ್ಕ ಹಿಡಿದು ಸಾಧಿಸೋಳಲ್ಲ ನಾನು, ಬಾಯಿಗೆ ಬಂತು ಅಂದೆ ಅಷ್ಟೇ. ಆದರೆ ಕೊನೆ ವಾರ... ಹೌದು, ಫೋನ್ ಮಾಡಿದ್ದು ನಾನೇ. ಇಲ್ಲ ಅಂದ್ನಾ ನಾನು? ಸೋಮವಾರ ಬೆಳಗ್ಗೆ ಮಾಡಿದೆ. "ಅಪ್ಪನಿಗೆ ಮಾತು ನಿಂತುಹೋಗಿದೆ, ಯಾರ ಗುರುತೂ ಸಿಗ್ತಿಲ್ಲ, ಈಗ ಬಂದೇನು ಮಾಡ್ತೀಯ, ಬರಬೇಡ, ಏನಾದರೂ ಆದರೆ ಹೇಳ್ತೀನಿ" ಅಂದೆ. ಅಂದರೆ? ಅಕ್ಕ ಬೇಡ ಅಂದ ತಕ್ಷಣ ನಿಂತುಬಿಡೋದಾ? ಮಗಳಲ್ವಾ ನೀನು? "ನೀನ್ಯಾರೇ ನನಗೆ ಬೇಡ ಅನ್ನೋಕೆ" ಅಂತ ಜಗಳ ಆಡಿ ಬಸ್ ಹತ್ತಬೇಕಿತ್ತು! ನಾನಾಗಿದ್ದರೆ ಹತ್ತುತ್ತಿದ್ದೆ. ನಡ್ಕೊಂಡಾದರೂ ಬರ್ತಿದ್ದೆ!

ಅಳಬೇಡ. ಈಗ ಅತ್ತರೆ ಏನು ಬಂತು? ಅವತ್ತು ಎಲ್ಲಾ ಮುಗಿದ ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದೆಯಲ್ಲ, ಅಷ್ಟು ಜನರ ಮುಂದೆ ನಮ್ಮ ಸೋದರತ್ತೆ ಕೇಳಿದ್ರು, "ಸ್ವಂತ ಅಣ್ಣನ ಮಗಳು ಅಂತ ಹೇಳೋಕೆ ನಾಚಿಕೆ ಆಗತ್ತೆ, ಒಂದು ವಾರ ರಜೆ ಸಿಗಲಿಲ್ಲವಾ ನಿನಗೆ" ಅಂತ. ನೀನು ತಲೆ ತಗ್ಗಿಸಿ ನಿಂತೆ. ಬಾಯಿ ಬಿಡಬಾರದಿತ್ತಾ? "ಅಕ್ಕನೇ ಬೇಡ ಅಂದ್ಲು" ಅಂತ ಹೇಳಬಾರದಿತ್ತಾ? ನಾನು ಪಕ್ಕದಲ್ಲೇ ಇದ್ದೆ. ನೀನು ಹೇಳ್ತೀಯ, ಈಗ ಹೇಳ್ತೀಯ ಅಂತ ಕಾಯ್ತಾ ನಿಂತಿದ್ದೆ. ಹೇಳಲಿಲ್ಲ ನೀನು! ಒಳ್ಳೇ ಹುಡುಗಿ... ಯಾವಾಗಲೂ ಒಳ್ಳೇ ಹುಡುಗಿ!

ಆ ತಟ್ಟೆ ಕೊಡು. ಮಾಂಸ ಎತ್ತಿ ಇಲ್ಲಿಡ್ತೀನಿ, ಐದು ನಿಮಿಷ ಹಾಗೇ ಇರಬೇಕು. ಈಗಲೇ ಕತ್ತರಿಸಿದರೆ ರಸ ಎಲ್ಲಾ ಹರಿದುಹೋಗತ್ತೆ. ಈಗ ಸಾಸ್. ಪ್ಯಾನ್ ತೊಳೀಬಾರದು, ಹೆಚ್ಚಿನ ಜಿಡ್ಡು ಬಗ್ಗಿಸಿ, ಅದೇ ಬಿಸಿಗೆ ಈರುಳ್ಳಿ... ಸಣ್ಣಗೆ ಹೆಚ್ಚಿದ್ದೀನಿ ನೋಡು, ನಿನ್ನಷ್ಟು ಸಣ್ಣಗಲ್ಲ, ಆಯ್ತಾ? ಕಾಳುಮೆಣಸು ಕುಟ್ಟಿದ್ದು. ಒಂದು ಚೂರು ವಿನೆಗರ್. ಸ್ವಲ್ಪ ನೀರು. ಈಗ ಮರದ ಸೌಟಿನಲ್ಲಿ ತಳ ಕೆರೀಬೇಕು, ಅಂಟಿಕೊಂಡಿರೋದೆಲ್ಲ ಬಿಡಬೇಕು. ರುಚಿ ಎಲ್ಲಾ ಅದರಲ್ಲೇ ಇರೋದು. ಕೊಡು ಆ ಕ್ರೀಮ್. ಏನು? ಏನದು ಕೈ ಸನ್ನೆ? ಉರಿ? ಉರಿ ನನಗೆ ಗೊತ್ತು, ನೀನು ಹೇಳಿಕೊಡಬೇಡ, ನಾನೂ ಅದೇ ಮನೇಲಿ ಬೆಳೆದವಳು...

ಥೂ!

ನೋಡು. ನೋಡು ಇದನ್ನ! ಒಡೆದುಹೋಯ್ತು. ತರಿತರಿ ಆಯ್ತು. ಬೆಣ್ಣೆ ಬೇರೆ, ನೀರು ಬೇರೆ. ಉರಿ ಇಳಿಸೋಕೆ ಮರೆತೆ. ನೀನು ಪಕ್ಕದಲ್ಲಿ ಕೂತು ಹಾಗೆ ನೋಡ್ತಾ ಇದ್ದರೆ ಯಾರಿಗೆ ನೆನಪಿರತ್ತೆ! ಯಾವಾಗಲೂ ಇಷ್ಟೇ ನನ್ನ ಹಣೆಬರಹ. ಅವತ್ತೂ ಹೀಗೇ ಒಡೀತು. ಅಪ್ಪನಿಗೆ ಅಗಿಯೋಕೆ ಆಗಲ್ಲ, ಮಾಂಸ ಬೇಡ, ಬರೀ ಆ ಸಾಸ್ ಒಂದು ಚಮಚ ಬೇಕು ಅಂದ್ರು. ಸೊಂಟ ಹಿಡ್ಕೊಂಡು ನಿಂತು ಮಾಡಿದೆ ಕಣೇ, ಒಂದು ಚಮಚಕ್ಕೋಸ್ಕರ ಅಷ್ಟೂ ಮಾಡಿದೆ! ಬಾಯಿಗೆ ಇಟ್ಟೆ. ಚಪ್ಪರಿಸಿದ್ರು. ಕಣ್ಣು ಮುಚ್ಚಿಕೊಂಡು ಏನಂದ್ರು ಗೊತ್ತಾ? "ಇದು ಗುಬ್ಬಿ ಕೈಯದ್ದಲ್ಲ" ಅಂದ್ರು. ಕೊನೇ ಶನಿವಾರ ಸಂಜೆ, ಮಾರನೇ ಬೆಳಗ್ಗೆ ಹೋಗೋ ಮನುಷ್ಯ, ನನಗೆ ಹೇಳಿದ ಮಾತು ಅದು! ನೀನೇ ಹೇಳು, ನನಗೆ ಹೊಟ್ಟೆ ಉರಿಯತ್ತೋ ಇಲ್ಲವೋ? ಹೇಳು...

ಏನು?

ಯಾಕೆ ಹಾಗೆ ನೋಡ್ತೀಯ?

ಏನೇ... ಯಾಕೆ ಎದ್ದು ನಿಂತೆ? ಕೂತ್ಕೋ. ಸಾಸ್ ಒಡೆದರೆ ಏನಂತೆ, ಸ್ವಲ್ಪ ತಣ್ಣನೆ ಕ್ರೀಮ್ ಹಾಕಿ ಕಲಸಿದರೆ ಕೂಡಿಕೊಳ್ಳತ್ತೆ, ನೀನೇ ಮಾಡು ಬೇಕಾದರೆ, ಬಾ...

ಶನಿವಾರ ಅಂದ್ನಾ ನಾನು?

ಅಲ್ಲ... ಮಾತು ಅಂದರೆ ಮಾತಲ್ಲ ಅದು. ಗೊಣಗಿದ್ದು. ತುಟಿ ಅಲ್ಲಾಡಿದ್ದು. ಹಾಗೆ ಕೇಳಿಸಿತು ನನಗೆ. ಕಾಯಿಲೆ ಮನುಷ್ಯರು ಏನೇನೋ... ಗುಬ್ಬೀ, ಏನಾದರೂ ಅನ್ನು. ಅಕ್ಕಾ ಅನ್ನು. ಬೈಯಿ. ಬೈಯೋಕೆ ಏನು ಕಷ್ಟ ನಿನಗೆ?

ಆ ಸ್ಟವ್ ಆರಿಸಿದ್ದು ಯಾಕೆ? ಸದ್ದು ಇಲ್ಲದೆ ಹೋದರೆ ನನಗೆ...

ದಿನಾ ಹೇಳ್ತೀನಿ ಕಣೇ. ದೇವರ ಹತ್ತಿರ ದಿನಾ ಹೇಳ್ತೀನಿ. ಈ ಏಳು ತಿಂಗಳಲ್ಲಿ ಒಂದು ದಿನ ತಪ್ಪಿಸಿಲ್ಲ. ಅವನು ಕೇಳಿಸಿಕೊಂಡು ಸುಮ್ಮನಿರ್ತಾನೆ. ಅವನು ಸುಮ್ಮನಿದ್ದರೆ ತಡ್ಕೋಬಹುದು, ಅವನು ದಯಾಮಯ. ನೀನು ಹೀಗೆ ಸುಮ್ಮನೆ ನಿಂತರೆ ನನ್ನ ಕೈಲಾಗಲ್ಲ.

ಮಾತು ನಿಂತಿರಲಿಲ್ಲ. ಹೂಂ. ಯಾವತ್ತೂ ನಿಂತಿರಲಿಲ್ಲ.

ಆ ಸೋಮವಾರ ಬೆಳಗ್ಗೆ ಮೈ ಒರೆಸ್ತಾ ಇದ್ದೆ. ಬೆನ್ನು ಉಜ್ಜುತ್ತಾ ಇದ್ದೆ, ಮೆತ್ತಗೇ ಉಜ್ಜುತ್ತಾ ಇದ್ದೆ. "ಗುಬ್ಬೀ, ಹಾಯಾಗಿದೆ ಮಗಳೇ" ಅಂದ್ರು. "ಗುಬ್ಬಿ ಅಲ್ಲ ಅಪ್ಪಾ, ನಾನು" ಅಂದೆ. "ಓ" ಅಂದ್ರು. ಅಷ್ಟೇ. ಹನ್ನೊಂದು ತಿಂಗಳಿಗೆ ಒಂದು "ಓ". ಟವೆಲ್ ಅಲ್ಲೇ ಬಿಟ್ಟು ಹೊರಗೆ ಬಂದು ನಿನಗೆ ಫೋನ್ ಮಾಡಿದೆ. ಗುರುತು ಸಿಗ್ತಿಲ್ಲ ಅಂದೆನಲ್ಲ, ಅದು ಸುಳ್ಳಲ್ಲ... ನನ್ನ ಗುರುತು ಸಿಕ್ಕಿರಲಿಲ್ಲ. ಒಂದು ದಿನ ಬಿಟ್ಟು ನಿಜ ಹೇಳೋಣ ಅಂದ್ಕೊಂಡೆ. ಇನ್ನೊಂದು ದಿನ ಅಂದ್ಕೊಂಡೆ. ಅಷ್ಟರಲ್ಲಿ...

ಹೂಂ, ಕೇಳಿದ್ರು. ಅದನ್ನೇ ತಾನೇ ನೀನು ಕೇಳಬೇಕು ಅಂತಿರೋದು? ದಿನಾ ಕೇಳಿದ್ರು. "ಗುಬ್ಬಿ ಯಾವಾಗ ಬರ್ತಾಳೆ" ಅಂತ. ಬಸ್ ಹತ್ತಿದ್ದಾಳೆ ಅಂದೆ. ಮಾರನೇ ದಿನ ಬಸ್ ಕೆಟ್ಟು ನಿಂತಿದೆ ಅಂದೆ. ಆಮೇಲೆ ಸೇತುವೆ ದಾಟಿದಳಂತೆ ಅಂದೆ. ಆರು ದಿನ ನಿನ್ನನ್ನ ಆ ಬಸ್ಸಿನಲ್ಲೇ ಕೂರಿಸಿಟ್ಟೆ. ಅವರು ನಂಬಿದ್ರು. ನಾನು ಸುಳ್ಳು ಹೇಳಲ್ಲ ಅಂತ ಅವರಿಗೆ ಅಷ್ಟು ನಂಬಿಕೆ ಕಣೇ... ಪ್ರಾರ್ಥನೆ ಮಾಡೋ ಮಗಳು!

ಶನಿವಾರ ಆ ಚಮಚ ಪಕ್ಕಕ್ಕಿಟ್ಟ ಮೇಲೆ ಮತ್ತೆ ಕೇಳಿದ್ರು, "ಎಲ್ಲಿವರೆಗೆ ಬಂದ್ಲು?" "ಬೀದಿ ತುದೀಲಿದ್ದಾಳೆ ಅಪ್ಪಾ, ಬಂದೇಬಿಟ್ಟಳು" ಅಂದೆ. "ಹಾಗಾದರೆ ಬಾಗಿಲು ತೆಗೆದಿಡು" ಅಂದ್ರು.

ತೆಗೆದಿಟ್ಟೆ, ಗುಬ್ಬೀ. ನೀನು ಬರಲ್ಲ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಆದರೂ ಬೆಳಗಾಗೋವರೆಗೆ ಬಾಗಿಲು ಹಾಕಲಿಲ್ಲ.